ಅಟ್ಟದ ಮೇಲಿನ ದೂರವಾಣಿಗೆ ವಯಸ್ಸೆಷ್ಟು?



ಹಿರಿಯರು ಬಳಸಿ ಬಿಟ್ಟುಹೋದ ವಸ್ತುಗಳಲ್ಲಿ ಕೆಲವನ್ನು ನಾವು ಗೌರವದಿಂದ ಕಾಪಾಡಿಕೊಂಡು ಬರುತ್ತೇವೆ. ತಾಮ್ರದ ಹಂಡೆ, ಹಿತ್ತಾಳೆಯ ದೀಪ, ಬೀಟೆಮರದ ಪೆಟ್ಟಿಗೆ, ಓಲೆಗರಿಯ ಕಟ್ಟು ಇವುಗಳಿಗೆ ಮನೆಯಲ್ಲಿ ಒಂದು ಸ್ಥಾನವುಂಟು. ಅದೇ ಮನೆಯ ಅಟ್ಟದ ಮೇಲೆ ಧೂಳು ಹೊದ್ದು ಮಲಗಿರುವ ಕರಿಯ ದೂರವಾಣಿಗೆ ಮಾತ್ರ ಆ ಭಾಗ್ಯವಿಲ್ಲ.

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಲ್ಲಿ ಒಂದು ಕಾಲಕ್ಕೆ ದೂರವಾಣಿಯಿದ್ದ ಮನೆಗಳನ್ನು ಬೆರಳೆಣಿಕೆಯಲ್ಲಿ ಹೇಳಬಹುದಿತ್ತು. ಅಡಿಕೆ ಮಂಡಿ, ಹತ್ತಿ ಗಿರಣಿ, ಎಣ್ಣೆ ಮಿಲ್ಲು, ಜವಳಿ ಅಂಗಡಿ, ವೈದ್ಯರ ಮನೆ, ಮಠ, ಪೊಲೀಸ್ ಠಾಣೆ ಇಷ್ಟು ಕಡೆ ಅದು ಇದ್ದರೆ ಹೆಚ್ಚು. ಭೀಮಸಮುದ್ರದ ಅಡಿಕೆ ಧಾರಣೆ ತಿಳಿಯಬೇಕಾದವರೂ, ದೂರದ ಊರಿನ ಸಾವಿನ ಸುದ್ದಿ ಕೇಳಬೇಕಾದವರೂ ಆ ಮನೆಯ ಜಗುಲಿಗೇ ಬರಬೇಕಿತ್ತು. ಟ್ರಂಕ್ ಕಾಲ್ ಬರೆಸಿ ಗಂಟೆಗಟ್ಟಲೆ ಕಾಯುತ್ತಿದ್ದುದನ್ನೂ, ತುರ್ತಾದರೆ 'ಅರ್ಜೆಂಟ್', ಅದಕ್ಕೂ ಮಿಗಿಲಾದರೆ 'ಲೈಟ್ನಿಂಗ್' ಎಂದು ಹೆಚ್ಚಿನ ದರ ಕೊಡುತ್ತಿದ್ದುದನ್ನೂ ಬಲ್ಲ ಹಿರಿಯರು ಈಗಲೂ ನಮ್ಮ ನಡುವೆ ಇದ್ದಾರೆ.

ಈಗ ಎಷ್ಟೋ ಮನೆಗಳಲ್ಲಿ ತಂತಿಯ ಸಂಪರ್ಕವನ್ನೇ ಬಿಟ್ಟುಕೊಟ್ಟಾಗಿದೆ. ಉಳಿದಿರುವ ಯಂತ್ರಕ್ಕೆ ಎರಡರಲ್ಲಿ ಒಂದು ಗತಿ ಒದಗುತ್ತದೆ. ಗುಜರಿಯವನ ತಕ್ಕಡಿಗೆ ಬಿದ್ದು ಕೆಲವು ರೂಪಾಯಿಗಳಾಗುತ್ತದೆ. ಇಲ್ಲವೇ ಗಾಜಿನ ಕಪಾಟಿನಲ್ಲಿ ಕುಳಿತು 'ಬ್ರಿಟಿಷರ ಕಾಲದ್ದು' ಎನ್ನಿಸಿಕೊಳ್ಳುತ್ತದೆ. ಮೊದಲನೆಯದರಲ್ಲಿ ವಸ್ತು ನಾಶವಾಗುತ್ತದೆ, ಎರಡನೆಯದರಲ್ಲಿ ಸತ್ಯ ನಾಶವಾಗುತ್ತದೆ. ಆದುದರಿಂದ ಈ ತಿಂಗಳು, ಹಳೆಯ ದೂರವಾಣಿಯ ಒಳಭಾಗಗಳನ್ನು ಗುರುತಿಸಿ ಅದರ ಕಾಲವನ್ನು ನಿರ್ಣಯಿಸುವ ಬಗೆಯನ್ನು ನೋಡೋಣ.

ಆರಂಭದಲ್ಲಿಯೇ ಒಂದು ಮಾತನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಹಳೆಯ ದೂರವಾಣಿಗೆ ಸಾಮಾನ್ಯವಾಗಿ ಒಂದೇ ಹುಟ್ಟಿದ ದಿನ ಇರುವುದಿಲ್ಲ. ಅದು ಗ್ರಾಹಕನ ಸ್ವತ್ತಾಗಿರದೆ ಇಲಾಖೆಯ ಸ್ವತ್ತಾಗಿತ್ತು. ಬಾಡಿಗೆಯ ಮೇಲೆ ಮನೆಗೆ ಬರುತ್ತಿತ್ತು, ಕೆಟ್ಟರೆ ಹಿಂದಿರುಗುತ್ತಿತ್ತು, ದುರಸ್ತಿಯಾಗಿ ಇನ್ನೊಬ್ಬರ ಮನೆಗೆ ಹೋಗುತ್ತಿತ್ತು. ಹೀಗಾಗಿ ಒಂದೇ ಹೊದಿಕೆಯ ಕೆಳಗೆ ಬೇರೆ ಬೇರೆ ವರ್ಷಗಳ ಭಾಗಗಳು ಸೇರಿಕೊಂಡಿರುತ್ತವೆ. ಹಲವು ತಲೆಮಾರುಗಳು ಕೂಡಿ ಬಾಳುವ ಅವಿಭಕ್ತ ಕುಟುಂಬದಂತೆ ಅದರ ಒಳಗಿನ ಸಂಸಾರ. ಒಬ್ಬರ ವಯಸ್ಸನ್ನು ಕೇಳಿ ಇಡೀ ಮನೆಯ ವಯಸ್ಸನ್ನು ಹೇಳಲಾಗದು.

ಮೂರು ತಲೆಮಾರು

ಮೊದಲು ಯಂತ್ರ ಯಾವ ಪದ್ಧತಿಗೆ ಸೇರಿದ್ದೆಂದು ನೋಡಬೇಕು. ಪಕ್ಕದಲ್ಲಿ ತಿರುಗಿಸುವ ಹಿಡಿ ಇದ್ದರೆ ಅದು ಮ್ಯಾಗ್ನೆಟೊ ದೂರವಾಣಿ. ಒಳಗೆ ಕುದುರೆ ಲಾಳದ ಆಕಾರದ ದಪ್ಪ ಅಯಸ್ಕಾಂತಗಳೂ ಅವುಗಳ ನಡುವೆ ತಿರುಗುವ ತಂತಿಯ ಸುರುಳಿಯೂ ಇರುತ್ತವೆ. ಹಿಡಿ ತಿರುಗಿಸಿದರೆ ವಿದ್ಯುತ್ತು ಹುಟ್ಟಿ, ವಿನಿಮಯ ಕೇಂದ್ರದ ಹಲಗೆಯಲ್ಲಿ ಆ ಗ್ರಾಹಕನ ಸಂಖ್ಯೆಯ ಮುಚ್ಚಳ ಕೆಳಗೆ ಬೀಳುತ್ತಿತ್ತು. ಮಾತನಾಡಲು ಬೇಕಾದ ವಿದ್ಯುತ್ತನ್ನು ಮನೆಯಲ್ಲಿಯೇ ಇಟ್ಟ ಒಣ ಬ್ಯಾಟರಿಗಳು ಕೊಡುತ್ತಿದ್ದವು. ಸಣ್ಣ ಊರುಗಳಲ್ಲಿ ಈ ಪದ್ಧತಿ ಸ್ವಾತಂತ್ರ್ಯದ ನಂತರವೂ ಬಹುಕಾಲ ನಡೆದದ್ದರಿಂದ, ಹಿಡಿ ಇದೆಯೆಂದ ಮಾತ್ರಕ್ಕೆ ಅದನ್ನು ಬ್ರಿಟಿಷರ ಕಾಲಕ್ಕೆ ಸೇರಿಸಲಾಗದು.

ಹಿಡಿಯೂ ಇಲ್ಲ, ಅಂಕಿಗಳ ಚಕ್ರವೂ ಇಲ್ಲ, ಚಕ್ರವಿರಬೇಕಾದ ಜಾಗದಲ್ಲಿ ಬರಿಯ ಬಿಲ್ಲೆ ಇದೆ ಎಂದಾದರೆ ಅದು ಕೇಂದ್ರ ಬ್ಯಾಟರಿ ಪದ್ಧತಿಯದು. ರಿಸೀವರನ್ನು ಎತ್ತಿದೊಡನೆ ಕೇಂದ್ರದಲ್ಲಿ ದೀಪ ಹೊತ್ತಿ, ಆಪರೇಟರ್ 'ನಂಬರ್ ಪ್ಲೀಸ್' ಎನ್ನುತ್ತಿದ್ದರು. ಆ ಬರಿಯ ಬಿಲ್ಲೆಯ ಹಿಂದೆ ಹಗಲಿರುಳು ಪಾಳಿಯಲ್ಲಿ ಕುಳಿತ ಒಂದು ಜೀವ ಇತ್ತೆಂಬುದನ್ನು ಮರೆಯಬಾರದು.

ಮೂರನೆಯದು ಚಕ್ರವುಳ್ಳದ್ದು, ಎಂದರೆ ಸ್ವಯಂಚಾಲಿತ ಕೇಂದ್ರಕ್ಕೆ ಸೇರಿದ್ದು. ಚಕ್ರವನ್ನು ತಿರುಗಿಸಿ ಬಿಟ್ಟಾಗ ಅದು ಹಿಂದಿರುಗುತ್ತಾ ತಂತಿಯ ವಿದ್ಯುತ್ತನ್ನು ಎಣಿಸಿ ಕಡಿಯುತ್ತದೆ. ಐದಕ್ಕೆ ಐದು ಸಲ, ಸೊನ್ನೆಗೆ ಹತ್ತು ಸಲ, ಸೆಕೆಂಡಿಗೆ ಸುಮಾರು 10ರ ವೇಗದಲ್ಲಿ. ಈ ವೇಗವನ್ನು ಹದದಲ್ಲಿಡಲು ಚಕ್ರದ ಹಿಂದೆ ಪುಟ್ಟದೊಂದು ಗವರ್ನರ್ ಇರುತ್ತದೆ. ಈ ಎಣಿಕೆಗೆ ತಕ್ಕಂತೆ ಮೇಲೇರಿ ಪಕ್ಕಕ್ಕೆ ತಿರುಗುವ ಯಂತ್ರವನ್ನು ಅಮೆರಿಕದ ಆಲ್ಮನ್ ಸ್ಟ್ರೌಜರ್ ಎಂಬಾತ ರೂಪಿಸಿ 1891ರಲ್ಲಿ ಹಕ್ಕುಪತ್ರ ಪಡೆದ. ಅವನ ವೃತ್ತಿ ಶವಸಂಸ್ಕಾರದ ವ್ಯವಸ್ಥೆ ಮಾಡುವುದು ಎಂಬುದು ಸ್ವಾರಸ್ಯದ ಸಂಗತಿ.

ಬೆಂಗಳೂರಿನ ಕೈಕೆಲಸ

ನಮ್ಮ ಕಡೆಯ ಮನೆಗಳಲ್ಲಿ ಸಿಗುವ ಕರಿಯ ದೂರವಾಣಿಗಳಲ್ಲಿ ಬಹಳಷ್ಟರ ಮೇಲೆ ಐ.ಟಿ.ಐ. ಎಂಬ ಮೂರು ಅಕ್ಷರಗಳು ಕಾಣುತ್ತವೆ. ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ 1948ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾಯಿತು. ಸ್ವತಂತ್ರ ಭಾರತದ ಮೊದಲ ಸಾರ್ವಜನಿಕ ಉದ್ದಿಮೆಗಳ ಸಾಲಿನಲ್ಲಿ ಅದಕ್ಕೆ ಅಗ್ರಸ್ಥಾನ. ಕಾರ್ಖಾನೆಯ ಸುತ್ತ ಬೆಳೆದ ಬಡಾವಣೆಗೆ ದೂರವಾಣಿನಗರ ಎಂದೇ ಹೆಸರಾಯಿತು. ಇಂಗ್ಲೆಂಡಿನ ಲಿವರ್‌ಪೂಲ್ ನಗರದ ಆಟೊಮ್ಯಾಟಿಕ್ ಟೆಲಿಫೋನ್ ಅಂಡ್ ಎಲೆಕ್ಟ್ರಿಕ್ ಕಂಪನಿಯ ಸಹಯೋಗ ಅದಕ್ಕಿತ್ತು. ಆರಂಭದಲ್ಲಿ ಆಮದು ಮಾಡಿದ ಬಿಡಿಭಾಗಗಳನ್ನು ಜೋಡಿಸುವ ಕೆಲಸ ನಡೆದು, ಕ್ರಮೇಣ ಆ ಭಾಗಗಳೂ ಇಲ್ಲಿಯೇ ತಯಾರಾಗತೊಡಗಿದವು.

ಈ ಸಂಗತಿ ಕಾಲನಿರ್ಣಯಕ್ಕೆ ಬಹಳ ಮುಖ್ಯ. ಯಂತ್ರವನ್ನು ಬಿಚ್ಚಿದಾಗ ಒಳಗೆ ಇಂಗ್ಲೆಂಡಿನ ಕಂಪನಿಯೊಂದರ ಹೆಸರು ಕಂಡರೆ ಅದು 1947ಕ್ಕಿಂತ ಹಿಂದಿನದೆಂದು ಹಲವರು ನಿರ್ಧರಿಸಿಬಿಡುತ್ತಾರೆ. ಹೊರಗೆ ಐ.ಟಿ.ಐ., ಒಳಗೆ ಇಂಗ್ಲೆಂಡಿನ ಭಾಗ ಎಂದಿದ್ದರೆ ಅದು ಸ್ವಾತಂತ್ರ್ಯಾನಂತರದ ಮೊದಲ ವರ್ಷಗಳ ಜೋಡಣೆಯಾಗಿರುವ ಸಂಭವವೇ ಹೆಚ್ಚು.

ಹೊರಗಿನ ಕುರುಹುಗಳು

ಬಿಚ್ಚುವ ಮೊದಲು ಹೊರಮೈಯನ್ನು ಓದಬೇಕು. ಅಂಚೆ ಮತ್ತು ತಂತಿ ಇಲಾಖೆಯ 'ಪಿ. ಅಂಡ್ ಟಿ.' ಎಂಬ ಗುರುತಿದ್ದರೆ ಅದು 1985ಕ್ಕಿಂತ ಮುಂಚಿನದು. ಏಕೆಂದರೆ ಆ ವರ್ಷ ಇಲಾಖೆ ಎರಡಾಗಿ, ದೂರಸಂಪರ್ಕಕ್ಕೆ ಪ್ರತ್ಯೇಕ ಇಲಾಖೆಯಾಯಿತು. ಭಾರತ ಸಂಚಾರ ನಿಗಮದ ಹೆಸರಿದ್ದರೆ ಅದು 2000ದ ಅಕ್ಟೋಬರಿನ ನಂತರದ್ದು. ಖಾಸಗಿ ಭಾರತೀಯ ಕಂಪನಿಯ ಹೆಸರಿದ್ದರೆ, ಗ್ರಾಹಕರ ಯಂತ್ರಗಳ ತಯಾರಿಕೆಯನ್ನು ಖಾಸಗಿಯವರಿಗೆ ತೆರೆದ 1984ರ ಈಚಿನದೆಂದು ತಿಳಿಯಬೇಕು.

ವಿಳಾಸದ ಚೀಟಿಯೂ ಸಾಕ್ಷಿ ನುಡಿಯುತ್ತದೆ. ಪಿನ್ ಕೋಡ್ ಪದ್ಧತಿ ಜಾರಿಗೆ ಬಂದದ್ದು 1972ರ ಆಗಸ್ಟ್ 15ರಂದು. 'ಬೆಂಗಳೂರು-16' ಎಂಬಂತೆ ಎರಡೇ ಅಂಕಿಗಳಿದ್ದರೆ ಅದಕ್ಕೂ ಹಿಂದಿನ ರೂಢಿ. 560016 ಎಂದಿದ್ದರೆ ಅದರ ನಂತರದ್ದು. ಹಾಗೆಯೇ ರಸೀದಿಯಲ್ಲಿ ಹೊಸದುರ್ಗಕ್ಕೆ 577527, ಹೊಳಲ್ಕೆರೆಗೆ 577526 ಎಂದು ಬರೆದಿದ್ದರೆ ಅದು 1972ಕ್ಕಿಂತ ಈಚಿನ ಕಾಗದ. 'ಮೈಸೂರು ರಾಜ್ಯ' ಎಂಬ ಅಚ್ಚು 1973ರ ನವೆಂಬರಿಗೆ ಹಿಂದಿನ ಕಾಲವನ್ನು ಸೂಚಿಸುತ್ತದೆ. ಹಳೆಯ ದೂರವಾಣಿ ಕೈಪಿಡಿಯಲ್ಲಿ ದಾವಣಗೆರೆಯು ಚಿತ್ರದುರ್ಗ ಜಿಲ್ಲೆಯೊಳಗೇ ಇದ್ದರೆ ಅದು 1997ರ ಆಗಸ್ಟಿಗಿಂತ ಮೊದಲಿನದು. ಆದರೆ ಹಳೆಯ ಅಚ್ಚಿನ ಕಾಗದವನ್ನು ಮುಗಿಯುವತನಕ ಬಳಸುವುದು ಕಚೇರಿಗಳ ರೂಢಿಯಾದುದರಿಂದ ಒಂದೆರಡು ವರ್ಷಗಳ ಹೆಚ್ಚುಕಡಿಮೆಗೆ ಅವಕಾಶ ಕೊಡಬೇಕು.

ಚಕ್ರದ ನಡುವೆ ಬರೆದ ಸಂಖ್ಯೆಯನ್ನು ಎಂದಿಗೂ ಅಳಿಸಬೇಡಿ. ಎರಡೋ ಮೂರೋ ಅಂಕಿಗಳಿದ್ದರೆ ಅದು ಕೆಲವೇ ಗ್ರಾಹಕರಿದ್ದ ಪುಟ್ಟ ಕೇಂದ್ರದ ಕಾಲದ್ದು. ಚಿತ್ರದುರ್ಗದ 08194, ಹಿರಿಯೂರಿನ 08193, ಹೊಸದುರ್ಗದ 08199, ಹೊಳಲ್ಕೆರೆಯ 08191 ಇವು ಎಸ್.ಟಿ.ಡಿ. ಸಂಕೇತಗಳು, ಇವುಗಳನ್ನು ಬರೆದಿದ್ದರೆ ನೇರ ಕರೆಯ ಸೌಲಭ್ಯ ಆ ಊರಿಗೆ ಬಂದ ಮೇಲಿನದೆಂದು ಹೇಳಬಹುದು. ದೇಶದಲ್ಲಿ ಮೊದಲ ಎಸ್.ಟಿ.ಡಿ. ಕರೆ ನಡೆದದ್ದು 1960ರಲ್ಲಿ, ಕಾನ್ಪುರ ಮತ್ತು ಲಖನೌ ನಡುವೆ. ಸ್ಥಳೀಯ ಸಂಖ್ಯೆ ಆರು ಅಂಕಿಗಳದಾಗಿ 2ರಿಂದ ಆರಂಭವಾಗಿದ್ದರೆ ಅದು ಬಹುಮಟ್ಟಿಗೆ ಈ ಶತಮಾನದ ಬರಹ.

ಹೊದಿಕೆಯ ಕೆಳಗೆ

ಈಗ ತಿರುಪುಗಳನ್ನು ಸಡಿಲಿಸಿ ಒಳಗೆ ನೋಡೋಣ. ಗಂಟೆ ಎಲ್ಲಿದೆ ಎಂಬುದು ಮೊದಲ ಪ್ರಶ್ನೆ. ಗಂಟೆ ಪ್ರತ್ಯೇಕ ಪೆಟ್ಟಿಗೆಯಲ್ಲಿದ್ದು, ಮೇಜಿನ ಮೇಲಿನ ಯಂತ್ರ ಪಿರಮಿಡ್ಡಿನಂತೆ ಮೇಲೆ ಕಿರಿದಾಗಿದ್ದರೆ ಅದು ಬ್ರಿಟಿಷ್ ಅಂಚೆ ಇಲಾಖೆಯ 200ರ ಶ್ರೇಣಿಯ ಮಾದರಿ. ಆ ಶ್ರೇಣಿ ಬಂದದ್ದು 1929ರಲ್ಲಿ. ಗಂಟೆ ಯಂತ್ರದ ಹೊಟ್ಟೆಯೊಳಗೇ ಇದ್ದು, ಹೊದಿಕೆ ಚೌಕಾಕಾರವಾಗಿ ಭಾರವಾಗಿದ್ದರೆ ಅದು 300ರ ಶ್ರೇಣಿಯದು. ಅದರ ಪ್ರಸಿದ್ಧ ಮಾದರಿಯ ಸಂಖ್ಯೆ 332, ಕಾಲ 1937ರಿಂದೀಚೆಗೆ. ಇದರ ಬುಡದಲ್ಲಿ ಸಂಖ್ಯೆಗಳ ಪಟ್ಟಿ ಇಡುವ ಪುಟ್ಟ ಅರೆ ಇರುವುದೂ ಉಂಟು. ಹಗುರವಾದ, ಅಂಚುಗಳು ದುಂಡಾದ ಪ್ಲಾಸ್ಟಿಕ್ಕಿನ 700ರ ಶ್ರೇಣಿ ಇಂಗ್ಲೆಂಡಿನಲ್ಲಿ 1959ರಲ್ಲಿ ಬಂದಿತು. ಒಂದು ಮಾದರಿ ಅಲ್ಲಿ ಬಂದ ವರ್ಷಕ್ಕಿಂತ ಮುಂಚೆ ಅದು ಇಲ್ಲಿ ಇರಲು ಸಾಧ್ಯವಿಲ್ಲ. ಆದರೆ ಎಷ್ಟೋ ವರ್ಷಗಳ ನಂತರವೂ ಇಲ್ಲಿ ತಯಾರಾಗುತ್ತಿರಬಹುದು. ಮಾದರಿಯ ವರ್ಷ ಕೆಳಗಿನ ಗಡಿಯನ್ನು ಮಾತ್ರ ಕೊಡುತ್ತದೆ.

ಹೊದಿಕೆಯ ವಸ್ತುವನ್ನು ಮೂಗಿನಿಂದಲೇ ಅರಿಯಬಹುದು. ಹೆಬ್ಬೆರಳಿನಿಂದ ಒಂದು ಮೂಲೆಯನ್ನು ಬಿಸಿಯಾಗುವಂತೆ ಉಜ್ಜಿ ಮೂಸಿದರೆ ಆಸ್ಪತ್ರೆಯ ಕಾರ್ಬಾಲಿಕ್ ವಾಸನೆ ಬಂದರೆ ಅದು ಬೇಕಲೈಟ್. ಲಿಯೊ ಬೇಕ್‌ಲ್ಯಾಂಡ್ ಎಂಬ ರಸಾಯನಶಾಸ್ತ್ರಜ್ಞ 1907ರಲ್ಲಿ ಕಂಡುಹಿಡಿದ ಈ ವಸ್ತು ಭಾರವಾದದ್ದು, ಬಿದ್ದರೆ ಮಡಕೆಯಂತೆ ಒಡೆಯುವಂಥದ್ದು.

ಇಂಗ್ಲೆಂಡಿನ ಭಾಗಗಳಲ್ಲಿ ತಳದ ತಗಡಿನ ಮೇಲೆ ಒಂದೆರಡು ಅಕ್ಷರ, ಅನಂತರ ಎರಡು ಅಂಕಿ, ಗೀಟು, ಮತ್ತೊಂದು ಅಂಕಿ ಇರುತ್ತವೆ. ಅಕ್ಷರಗಳು ತಯಾರಕನ ಗುರುತು, ಎರಡು ಅಂಕಿಗಳು ವರ್ಷ. 56 ಎಂದಿದ್ದರೆ 1956. ಆದರೆ ಕಂಡ ಅಂಕಿಗಳೆಲ್ಲ ವರ್ಷಗಳಲ್ಲ. 332 ಮಾದರಿಯ ಸಂಖ್ಯೆ, 164 ಕೈಯಲ್ಲಿ ಹಿಡಿಯುವ ಭಾಗದ ಸಂಖ್ಯೆ. ಗಂಟೆಯ ಸುರುಳಿಯ ಮೇಲೆ 500 ಎಂದಿದ್ದರೆ ಅದು ಓಮ್‌ಗಳಲ್ಲಿ ಹೇಳಿದ ರೋಧ. ಅಂತಹ ಎರಡು ಸುರುಳಿಗಳು ಸೇರಿ 1000 ಓಮ್ ಆಗುತ್ತದೆ. ಕಂಡೆನ್ಸರಿನ ಮೇಲಿನ 2 ಎಂಬುದು ಎರಡು ಮೈಕ್ರೊಫ್ಯಾರಡ್. ಕೇವಲ ಒಂದು ಅಂಕಿಯನ್ನು ನಂಬಿ ವರ್ಷ ಹೇಳುವುದು ಸಲ್ಲದು.

ಮಾತನಾಡುವ ಕಡೆಯ ಮುಚ್ಚಳ ತಿರುಗಿಸಿ ತೆಗೆದರೆ ಡಬ್ಬಿಯಂತಹ ಒಂದು ಬಿಲ್ಲೆ ಕಾಣುತ್ತದೆ. ಕಿವಿಯ ಬಳಿ ಅಲುಗಿಸಿದಾಗ ರಾಗಿ ಕಾಳಿನಂತೆ ಸದ್ದು ಬಂದರೆ ಅದು ಕಾರ್ಬನ್ ಕಣಗಳ ಟ್ರಾನ್ಸ್‌ಮಿಟರ್. ಧ್ವನಿಯ ಒತ್ತಡಕ್ಕೆ ಆ ಕಣಗಳು ಬಿಗಿಯಾಗಿ ಸಡಿಲವಾಗಿ ವಿದ್ಯುತ್ತನ್ನು ಏರಿಳಿಸುತ್ತವೆ. ಅದರ ಬದಲು ಗುಂಡಿಯಷ್ಟೇ ಗಾತ್ರದ ಮೈಕ್ ಇದ್ದರೆ ಅದು ಎಲೆಕ್ಟ್ರಾನಿಕ್ ಯುಗದ್ದು. ಕೇಳುವ ಕಡೆಯ ಬಿಲ್ಲೆಯ ಮೇಲೆ '2ಪಿ' ಎಂದಿದ್ದರೆ 300ರ ಶ್ರೇಣಿಗೆ ಸಹಜವಾದ ಭಾಗ. '4ಟಿ' ಎಂದಿದ್ದರೆ 700ರ ಶ್ರೇಣಿಯೊಡನೆ ಬಂದ ಭಾಗ.

ತಂತಿಗಳನ್ನೂ ಗಮನಿಸಬೇಕು. ನೂಲಿನ ಹೆಣಿಗೆಯ ಕಂದು ಬಳ್ಳಿ ಹಳೆಯದು. ಸುರುಳಿ ಸುತ್ತಿದ ಪ್ಲಾಸ್ಟಿಕ್ ಬಳ್ಳಿ ಈಚಿನದು. ಒಳಗಿನ ವೈರಿಗೆ ಹತ್ತಿ ಅಥವಾ ರೇಷ್ಮೆಯ ಹೊದಿಕೆಯಿದ್ದರೆ ಹಳೆಯದು. ಒಂದೇ ಸೀಳಿನ ತಲೆಯ ತಿರುಪುಗಳ ನಡುವೆ ಒಂದೆರಡು ಸ್ಟಾರ್ ಸ್ಕ್ರೂಗಳು ಕಂಡರೆ ಬಳಿಕ ಯಾರೋ ಕೈಯಾಡಿಸಿದ್ದಾರೆಂದು ಊಹಿಸಬಹುದು. ಗುಂಡಿ ಒತ್ತುವ ದೂರವಾಣಿಯಲ್ಲಿ ಕರಿಯ ಚಿಪ್ಪಿನ ಮೇಲೆ ನಾಲ್ಕು ಅಂಕಿಗಳಿದ್ದರೆ ಅವುಗಳಲ್ಲಿ ಮೊದಲೆರಡು ವರ್ಷವನ್ನೂ ಉಳಿದೆರಡು ವಾರವನ್ನೂ ಹೇಳುವುದು ರೂಢಿ. 8714 ಎಂದರೆ 1987ರ ಹದಿನಾಲ್ಕನೆಯ ವಾರ.

ಲೆಕ್ಕ ಕೂಡುವ ಬಗೆ

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಹೊಳಲ್ಕೆರೆಯ ಮನೆಯೊಂದರಲ್ಲಿ ಬೇಕಲೈಟಿನ ದೂರವಾಣಿ ಇದೆ. 'ಇದು ನಮ್ಮ ಮುತ್ತಜ್ಜನ ಕಾಲದ್ದು, 1940ರದು' ಎಂದು ಮನೆಯವರ ನಂಬಿಕೆ. ತಳದ ತಗಡಿನಲ್ಲಿ 56 ಎಂದಿದೆ. ಕೇಳುವ ಭಾಗದಲ್ಲಿ '4ಟಿ' ಬಿಲ್ಲೆಯಿದೆ. ಬಳ್ಳಿ ಪ್ಲಾಸ್ಟಿಕ್ಕಿನದು. ಪಕ್ಕದಲ್ಲಿ 'ಪಿ. ಅಂಡ್ ಟಿ.' ಗುರುತಿದೆ. ಇದರಿಂದ ತಿಳಿಯುವುದೇನು? ತಳ 1956ರದು, ಆದ್ದರಿಂದ ಯಂತ್ರ 1940ರದಾಗಲಾರದು. '4ಟಿ' ಬಿಲ್ಲೆ 1959ಕ್ಕೆ ಹಿಂದಿನದಲ್ಲ, ಆದ್ದರಿಂದ ಅನಂತರ ಒಮ್ಮೆ ದುರಸ್ತಿಯಾಗಿದೆ. ಇಲಾಖೆಯ ಗುರುತು 1985ಕ್ಕೆ ಮೊದಲಿನದು. '1956ರ ತಳ, 1959ರ ಬಳಿಕ ದುರಸ್ತಿ, 1985ಕ್ಕೆ ಮುನ್ನ ಇಲಾಖೆಯ ಗುರುತು' ಎಂದು ಬರೆದಿಟ್ಟರೆ ಅದು ಪ್ರಾಮಾಣಿಕವಾದ ಜಾತಕ.

ಇಲ್ಲಿ ನೆನಪಿಡಬೇಕಾದ ಸೂತ್ರ ಸರಳ. ಎಲ್ಲಕ್ಕಿಂತ ಹಳೆಯ ಭಾಗ ಆ ಭಾಗದ ವಯಸ್ಸನ್ನು ಮಾತ್ರ ಹೇಳುತ್ತದೆ. ಎಲ್ಲಕ್ಕಿಂತ ಹೊಸ ಭಾಗ, ಯಂತ್ರ ಈಗಿನ ರೂಪಕ್ಕೆ ಬಂದದ್ದು ಅದಕ್ಕಿಂತ ಮೊದಲಲ್ಲ ಎಂದು ಹೇಳುತ್ತದೆ.

ಮುತ್ತಜ್ಜನ ಮನೆಯಲ್ಲಿ 1940ರಲ್ಲಿ ದೂರವಾಣಿ ಇರಲೇ ಇಲ್ಲವೆಂದು ಇದರ ಅರ್ಥವೇ? ಹಾಗಲ್ಲ. ಆಗ ಇದ್ದ ಯಂತ್ರವನ್ನು ಇಲಾಖೆ ಬದಲಿಸಿ ಇದನ್ನು ಕೊಟ್ಟಿರಬಹುದು. ನೆನಪು ಸಂಪರ್ಕದ್ದು, ವಸ್ತು ಬೇರೆಯದು. ಹಿರಿಯರ ಮಾತನ್ನು ಸುಳ್ಳೆಂದು ತಳ್ಳಿಹಾಕದೆ, ವಸ್ತುವಿನ ಸಾಕ್ಷ್ಯವನ್ನೂ ಮರೆಮಾಚದೆ ಎರಡನ್ನೂ ಅಕ್ಕಪಕ್ಕದಲ್ಲಿ ಬರೆದಿಡುವುದು ವಿವೇಕ.

ಬೇರೆ ಮನೆತನದವು

ಹಿಡಿಯುಳ್ಳ ಮರದ ಪೆಟ್ಟಿಗೆಯ ದೂರವಾಣಿಗಳೆಲ್ಲ ಮನೆಗಳಲ್ಲಿದ್ದವೇ ಆಗಬೇಕಿಲ್ಲ. ಹೊಳಲ್ಕೆರೆ ತಾಲ್ಲೂಕಿನ ಚಿಕ್ಕಜಾಜೂರು ಜಂಕ್ಷನ್, ಹೊಸದುರ್ಗ ರೋಡ್ ನಿಲ್ದಾಣ ಇಂತಹ ರೈಲು ಮಾರ್ಗ ನಮ್ಮ ಸೀಮೆಯಲ್ಲಿಯೇ ಹಾದುಹೋಗಿದೆ. ನಿಲ್ದಾಣದಿಂದ ನಿಲ್ದಾಣಕ್ಕೆ ಮಾತನಾಡಲು ರೈಲ್ವೆಗೆ ತನ್ನದೇ ಯಂತ್ರಗಳಿದ್ದವು. ಮೈಸೂರು ರೈಲ್ವೆ, ಮದ್ರಾಸ್ ಅಂಡ್ ಸದರ್ನ್ ಮರಾಠ ರೈಲ್ವೆ ಎಂಬ ಗುರುತಿದ್ದರೆ ಅದು 1951ರ ಏಪ್ರಿಲಿಗೆ ಹಿಂದಿನದು. ಆ ತಿಂಗಳು ಅವೆಲ್ಲ ಸೇರಿ ದಕ್ಷಿಣ ರೈಲ್ವೆಯಾಯಿತು.

ಇನ್ನು ಕರಕುಶಲ ಅಂಗಡಿಗಳಲ್ಲಿ ಹಿತ್ತಾಳೆ, ಮರಗಳಿಂದ ಥಳಥಳಿಸುವ 'ಪುರಾತನ' ದೂರವಾಣಿಗಳು ದೊರೆಯುತ್ತವೆ. ಚಕ್ರದ ರಂಧ್ರಗಳಲ್ಲಿ ಒತ್ತುವ ಗುಂಡಿಗಳು, ಒಳಗೆ ಹಸಿರು ಹಲಗೆಯ ಮೇಲೆ ಚಿಪ್ಪುಗಳು, ಗಂಟೆಯ ಬದಲು ಪೀಪಿ ಊದುವ ಬಿಲ್ಲೆ ಇದ್ದರೆ ಅದು ಹೊಸದಾಗಿ ಮಾಡಿದ ಅಲಂಕಾರದ ವಸ್ತು. ಅಂದಕ್ಕಾಗಿ ಕೊಳ್ಳುವುದು ಅವರವರ ಇಷ್ಟ. ಹಳೆಯದೆಂದು ನಂಬಿ ಹಣ ತೆರುವುದು ಬೇಡ.

ಯುಗವೊಂದು ಬದಲಾದ ಬಗೆಯನ್ನೂ ಇಲ್ಲಿ ನೆನೆಯಬೇಕು. ಹಳ್ಳಿಗಳಿಗೆಂದೇ ಸಿ-ಡಾಟ್ ಸಂಸ್ಥೆ ರೂಪಿಸಿದ 128 ಸಂಪರ್ಕಗಳ ಪುಟ್ಟ ಎಲೆಕ್ಟ್ರಾನಿಕ್ ವಿನಿಮಯ ಕೇಂದ್ರ ಮೊದಲು ಕಾರ್ಯಾರಂಭ ಮಾಡಿದ್ದು ನಮ್ಮ ನಾಡಿನ ಕಿತ್ತೂರಿನಲ್ಲಿ, 1986ರಲ್ಲಿ. ಅಲ್ಲಿಂದ ಮುಂದೆ ಏರಿ ತಿರುಗುವ ಯಂತ್ರಗಳ ಸದ್ದು ಒಂದೊಂದೇ ಊರಿನಲ್ಲಿ ಅಡಗುತ್ತಾ ಬಂದಿತು. ಕರಿಯ ದೂರವಾಣಿಗಳು ಅಟ್ಟ ಸೇರಿದ್ದೂ ಆ ಬಳಿಕವೇ.

ಮನೆಯವರು ಮಾಡಬೇಕಾದದ್ದು

ಬಿಚ್ಚುವ ಮೊದಲು ಮತ್ತು ಬಿಚ್ಚಿದ ಪ್ರತಿ ಹಂತದಲ್ಲಿ ಚಿತ್ರ ತೆಗೆದುಕೊಳ್ಳಿ. ತಂತಿಗಳನ್ನು ಬಿಡಿಸಬೇಡಿ, ನೋಡಿದರೆ ಸಾಕು. ಯಂತ್ರ ಗೋಡೆಯ ತಂತಿಗೆ ಸೇರಿದ್ದರೆ ಮೊದಲು ಬೇರ್ಪಡಿಸಿ; ಮಾತಿನ ತಂತಿಯಲ್ಲಿ ಸುಮಾರು 50 ವೋಲ್ಟ್ ಇದ್ದರೂ ಗಂಟೆ ಬಾರಿಸುವಾಗ ಅದಕ್ಕಿಂತ ಹೆಚ್ಚಿನ ವಿದ್ಯುತ್ತು ಬರುತ್ತದೆ. ಮ್ಯಾಗ್ನೆಟೊ ಪೆಟ್ಟಿಗೆಯಲ್ಲಿ ಸೋರಿದ ಹಳೆಯ ಬ್ಯಾಟರಿಗಳಿದ್ದರೆ ಬರಿಗೈಯಿಂದ ಮುಟ್ಟದೆ ತೆಗೆಯಿರಿ. ಬೆಸುಗೆಯಲ್ಲಿ ಸೀಸವಿರುವುದರಿಂದ ಕೆಲಸ ಮುಗಿದ ಮೇಲೆ ಕೈ ತೊಳೆಯಿರಿ. ಮಕ್ಕಳ ಕೈಗೆ ಬಿಡಿಭಾಗಗಳನ್ನು ಕೊಡಬೇಡಿ. ಸೀಮೆಎಣ್ಣೆ, ಮರಳು ಕಾಗದ, ಬಣ್ಣ ಇವುಗಳ ಸಹವಾಸ ಬೇಡ. ಮೆತ್ತನೆಯ ಒಣ ಬಟ್ಟೆಯಿಂದ ಒರೆಸಿದರೆ ಸಾಕು. ಹೊಳಪಿನ ಆಸೆಗೆ ಉಜ್ಜಿದಾಗ ಮೊದಲು ಅಳಿಯುವುದು ನಾವು ಹುಡುಕುತ್ತಿರುವ ಅಂಕಿಗಳೇ.

ಕೊನೆಯದಾಗಿ, ಒಂದು ಹಾಳೆಯಲ್ಲಿ ಕಂಡ ಗುರುತುಗಳನ್ನೆಲ್ಲ ಇದ್ದಂತೆಯೇ ಬರೆದು, ಅದರ ಕೆಳಗೆ ಮನೆಯ ಹಿರಿಯರ ನೆನಪನ್ನು ಬರೆಸಿಕೊಳ್ಳಿ. ಯಾವ ವರ್ಷ ಸಂಪರ್ಕ ಬಂತು, ಎಷ್ಟು ವರ್ಷ ಕಾದಿರಿ, ಸಂಖ್ಯೆ ಎಷ್ಟಿತ್ತು, ಯಾರು ಯಾರು ಬಂದು ಮಾತನಾಡುತ್ತಿದ್ದರು, ಮೊದಲು ಬಂದ ಸುದ್ದಿ ಯಾವುದು? ತಗಡಿನ ಮೇಲಿನ ಅಂಕಿ ಇನ್ನೂ ನೂರು ವರ್ಷ ಉಳಿದೀತು. ಅಜ್ಜನ ನೆನಪು, ದೊಡ್ಡಮ್ಮನ ನೆನಪು ಅಷ್ಟು ಕಾಲ ಕಾಯುವುದಿಲ್ಲ.

ದೂರವಾಣಿನಗರದ ಕಾರ್ಮಿಕರು, ಪಾಳಿಯಲ್ಲಿ ಕುಳಿತ ಆಪರೇಟರುಗಳು, ಮಳೆಯಲ್ಲಿ ಕಂಬ ಹತ್ತಿದ ಲೈನ್‌ಮನ್ನರು, ಕೆಟ್ಟದ್ದನ್ನು ಎಸೆಯದೆ ರಿಪೇರಿ ಮಾಡಿ ಮತ್ತೆ ಮಾತನಾಡಿಸಿದ ಮೆಕ್ಯಾನಿಕ್ಕುಗಳು ಇವರೆಲ್ಲರ ಕಾಯಕ ಆ ಕರಿಯ ಪೆಟ್ಟಿಗೆಯೊಳಗೆ ಒಂದೊಂದು ಭಾಗವಾಗಿ ಕುಳಿತಿದೆ. ಗುಜರಿಯವನು ಬಾಗಿಲಿಗೆ ಬರುವ ಮೊದಲು ಒಮ್ಮೆ ಅದರ ಬುಡವನ್ನು ಬೆಳಕಿಗೆ ಹಿಡಿದು ನೋಡಿರಿ.